ಪ್ರವಾಸದ ಕಡೆಯ ದಿನ

ಪ್ರವಾಸದ ಮೊದಲ ದಿನದಲ್ಲಿ ಉತ್ಸಾಹವಿರುವದು, ನಡುವಿನ ದಿನಗಳಲ್ಲಿ ಕೌತುಕವಿರುವದು. ಆದರೆ ಮನೆಯಲ್ಲಿ ಆಡಲಾರದೆ ಉಳಿದ ಮಾತು ಹೊರಬೀಳುವದು ಬಹುಶಃ ಕಡೆಯ ದಿನದಲ್ಲಿಯೇ. ಅಗಡಿಯ ಒಂದು ಕುಟುಂಬದವರಿಗೆ ಕಳೆದ ಮಾಘಮಾಸದಲ್ಲಿ ಇದರ ಅನುಭವವಾಯಿತು.

ಆ ಮನೆಯ ಯಜಮಾನರು ತೀರಿಕೊಂಡು ಒಂದು ವರುಷವಾಗಿತ್ತು. ಹಿರಿಯ ಮಗನು ಜರ್ಮನಿಯಲ್ಲಿಯೂ ಕಿರಿಯವನು ಬೆಂಗಳೂರಿನಲ್ಲಿಯೂ ನೌಕರಿಯಲ್ಲಿರುವರು. ತಂದೆಯ ವರ್ಷಾಬ್ದಿಕಕ್ಕೆ ಬಂದ ಹಿರಿಯನು, ತಾಯಿಯನ್ನು ಕರೆದೊಯ್ದು ರೈನ್ ನದಿಯ ದಂಡೆಯ ಹಳ್ಳಿಗಳನ್ನೆಲ್ಲ ಮೋಟಾರಿನಲ್ಲಿ ತೋರಿಸಬೇಕೆಂದು ಬಹಳವಾಗಿ ಹೇಳಿದನು. ಆಕೆಯಾದರೋ ನಕ್ಕು, “ನಮ್ಮ ಹೊಳೀನ ನಾ ಇನ್ನೂ ಪೂರ್ತಿ ನೋಡಿಲ್ಲ. ಮೊದಲು ಅದನ್ನ ತೋರಸ್ರಪಾ” ಎಂದಳು. ಹೀಗಾಗಿ ನಾಲ್ಕು ದಿನ ಹಾವೇರಿ ಜಿಲ್ಲೆಯಲ್ಲಿಯೇ ಸಂಚರಿಸುವದೆಂದು ನಿಶ್ಚಯವಾಯಿತು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ಅರವತ್ತು ಕಂಬದ ಗುಡಿ, ಕನಕದಾಸರ ಕಾಗಿನೆಲೆ, ಕೆಂಪು ರಾಶಿಗಳಿಂದ ಕಣ್ಣಿಗೂ ಮೂಗಿಗೂ ಸಮನಾಗಿ ತಾಗುವ ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಇವೆಲ್ಲ ಮೂರು ದಿನಗಳಲ್ಲಿ ಮುಗಿದವು. ಆದರೆ ಅಗಡಿಯ ಮನೆಯನ್ನು ಮಾರುವದೆಂದು ಅಣ್ಣತಮ್ಮಂದಿರು ತಮ್ಮೊಳಗೆ ಗೊತ್ತುಮಾಡಿಕೊಂಡಿದ್ದ ಸಂಗತಿಯನ್ನು ತಾಯಿಗೆ ತಿಳಿಸುವ ಧೈರ್ಯವು ಇಬ್ಬರಿಗೂ ಆಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವರು ಗಳಗನಾಥಕ್ಕೆ ಹೋದರು. ವರದೆಯು ತುಂಗಭದ್ರೆಯನ್ನು ಕೂಡುವ ಆ ಸ್ಥಳದಲ್ಲಿ ಹೊಳೆಯ ದಂಡೆಗೆ ಗಳಗೇಶ್ವರನ ಪುರಾತನ ದೇವಾಲಯವಿರುವದು. ಗರ್ಭಗೃಹದ ಹೊರಗೋಡೆಗೆ ಮೆಟ್ಟಿಲುಮೆಟ್ಟಿಲಾಗಿ ಕಲ್ಲನ್ನು ಒಟ್ಟಿ ಆಸರೆ ಕೊಟ್ಟಂತೆ ಕಟ್ಟಿರುವದು ಅದರ ವಿಶೇಷವು. ಹತ್ತು ವರುಷದ ಮೊಮ್ಮಗನು ಆ ಮೆಟ್ಟಿಲುಗಳನ್ನು ಎಣಿಸುತ್ತಿರಲು, ಅಜ್ಜಿಯು ಅವನನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, 1869ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡು ಕಾದಂಬರಿಗಳನ್ನು ಬರೆದುದನ್ನೂ, 1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯನ್ನು ಹೊರಡಿಸಿದುದನ್ನೂ, ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದುದನ್ನೂ ಹೇಳಿದಳು.

“ತಲಿ ಮ್ಯಾಲ? ಕಾರು ಇರಲಿಲ್ಲೇನಜ್ಜಿ?”

“ಕಾರು ಎಲ್ಲೀದಪಾ! ನಿಮ್ಮ ಅಜ್ಜಾ ಅವರ ಪುಸ್ತಕಾ ಎಲ್ಲಾ ಕಪಾಟಿನ್ಯಾಗ ಜೋಪಾನ ಮಾಡಿ ಇಟ್ಟಾರ. ನೀ ಓದಬೇಕು.”

“ನನಗ ಕನ್ನಡ ಮಾತಾಡಲಿಕ್ಕೆ ಬರ್ತದ, ಓದಲಿಕ್ಕೆ ಬರೂದಿಲ್ಲ” ಎಂದು ಹುಡುಗನು ನಿಸ್ಸಂಕೋಚವಾಗಿ ನುಡಿದನು. ಹಿರಿಯ ಮಗನು ಹೊಳೆಯ ಕಡೆಗೆ ಮುಖ ತಿರುಗಿಸಿದನು.

ಅಲ್ಲಿಂದ ಅವರು ಚೌಡದಾನಪುರದ ಮುಕ್ತೇಶ್ವರನ ದರ್ಶನಕ್ಕೆ ಬಂದರು. ಗುತ್ತಲದ ಅರಸರ ಕಾಲದ ಎತ್ತರವಾದ ಶಾಸನಗಳು ಅಲ್ಲಿ ನಿಂತಿರುವವು. ಅವುಗಳ ಮೇಲಿನ ಲಿಪಿಯನ್ನು ಕಿರಿಯ ಮಗನು ಕೈಯಿಂದ ಸವರಿ, “ಇದು ಯಾರಿಗೂ ತಿಳಿಯೂದಿಲ್ಲ ಈಗ” ಎಂದನು. “ಕಲತವರಿಗೆ ತಿಳೀತದ” ಎಂದು ತಾಯಿಯು ಚುಟುಕಾಗಿ ಉತ್ತರಿಸಿದಳು.

ಗುತ್ತಲವನ್ನು ದಾಟಿ ಮೋಟಾರು ಅಗಡಿಯ ದಾರಿ ಹಿಡಿಯಿತು. ದಾರಿಯ ಬದಿಯ ಕಲ್ಲೊಂದು ಕಾಣಲು, ಅಜ್ಜಿಯು ಅದನ್ನು ತೋರಿಸಿ, “ಮೂರ ಅಕ್ಷರ ಅವ ನೋಡು: ಅ, ಗ, ಡಿ” ಎಂದಳು. ಮುಂದಿನ ಕಲ್ಲು ಬಂದಾಗ ಹುಡುಗನು ತಡವರಿಸಿದನು. ಅದರ ಮುಂದಿನದನ್ನು ತಾನೇ ಓದಿ ಕೈತಟ್ಟಿದನು. ಊರು ಬರುವವರೆಗೂ ಅವನಿಗೆ ಬೇರೆ ಆಟ ಬೇಕಾಗಲಿಲ್ಲ.

ಸಂಜೆ ಮನೆಯ ಕಟ್ಟೆಯ ಮೇಲೆ ಎಲ್ಲರೂ ಕುಳಿತಿರುವಾಗ ತಾಯಿಯೇ ಮಾತು ತೆಗೆದಳು.

“ಮನೀ ಮಾರೂ ವಿಚಾರ ನನಗ ಗೊತ್ತದ. ಹೇಳಲಿಕ್ಕೆ ನಾಲ್ಕು ದಿನಾ ತಿರುಗಿದ್ರಿ; ಪಾಪ, ಬಾಯಿ ಬರಲಿಲ್ಲ. ಮಾರ್ರಿ, ನಾ ಬ್ಯಾಡನ್ನೂದಿಲ್ಲ. ಒಬ್ಬಾಕೀನ ಇರೂದು ನನಗೂ ಆಗೂದಿಲ್ಲ, ಬೆಂಗಳೂರಿಗೆ ಬರತೀನಿ. ಆದರ ಒಂದು ವರುಷ ತಡೀರಿ. ಮುಂದಿನ ಮಾಘಕ್ಕ ಈ ಹುಡುಗ ಇಲ್ಲಿಗೆ ಬಂದು ಅವರಜ್ಜನ ಕಪಾಟಿನ್ಯಾಗಿನ ಒಂದು ಪುಟಾ ನನಗ ಓದಿ ಹೇಳಲಿ. ಆಮ್ಯಾಲ ಪುಸ್ತಕಾ ಎಲ್ಲಿಗೆ ಒಯ್ಯಬೇಕು ಅನ್ನೂದನ್ನ ಅವನ ಹೇಳತಾನ.”

ಇಬ್ಬರು ಮಕ್ಕಳೂ ಬಹಳ ಹೊತ್ತು ಸುಮ್ಮನಿದ್ದರು. ಗೋಡೆ, ಹಿತ್ತಲು, ಬೆಲೆ, ಪಾಲು ಎಲ್ಲವನ್ನೂ ಲೆಕ್ಕ ಹಾಕಿದ್ದ ಅವರಿಗೆ ಕಪಾಟಿನ ನೆನಪೇ ಆಗಿರಲಿಲ್ಲ. “ಆಗಲಿ ಅವ್ವಾ, ಮನಿಯೊಳಗ ದಿನಾ ನಾನs ಕಲಸ್ತೀನಿ” ಎಂದು ಹಿರಿಯನು ತಲೆ ತಗ್ಗಿಸಿ ನುಡಿದನು.

ಮನೆಗಳು ಕೈಬದಲಾಗುವದು ಲೋಕರೂಢಿಯು. ಅದಕ್ಕಾಗಿ ಮಕ್ಕಳನ್ನು ನಿಂದಿಸುವದು ಉಚಿತವಲ್ಲ. ಆದರೆ ಒಬ್ಬರು ತಲೆಯ ಮೇಲೆ ಹೊತ್ತು ತಂದುದನ್ನು ಮುಂದಿನವರು ಕೈಯಲ್ಲಿಯಾದರೂ ಹಿಡಿಯದೆ ಹೋದರೆ, ಮಾರಿದ್ದು ಬರಿಯ ಮನೆಯಾಗಿ ಉಳಿಯುವದಿಲ್ಲ. ಆ ತಾಯಿಯು ಕೇಳಿದ್ದು ಈ ಒಂದು ವರುಷದ ಅವಧಿಯನ್ನು ಮಾತ್ರ.

ಮರುದಿನ ನಸುಕಿನಲ್ಲಿ ಮೋಟಾರು ಊರು ಬಿಡುವಾಗ ಹುಡುಗನು ಹಿಂದಿನ ಗಾಜಿಗೆ ಮುಖವಿಟ್ಟು ಫಲಕವನ್ನು ಓದಿದನು: “ಅ… ಗ… ಡಿ.” ಈ ಸಾರೆ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.