ಹದಿನೆಂಟನೆಯ ಸಾಲಿನ ವಾಸನೆ

ನನ್ನ ಅಕ್ಕನ ಮಗಳು ಗಗನಸಖಿ. ಕಳೆದ ಕ್ರಿಸ್ಮಸ್ಸಿಗೆ ಊರಿಗೆ ಬಂದವಳು ಎರಡು ದಿನ ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ. ಮೂರನೆಯ ದಿನ ಅಕ್ಕ ಕುಸ್ವಾರ್ ಕರಿಯುತ್ತಿದ್ದಾಗ ಬಾಣಲೆಯ ಎಣ್ಣೆ ತುಸು ಸೀದ ವಾಸನೆ ಬಂದದ್ದೇ ತಡ, ಹಿತ್ತಲಿನಲ್ಲಿದ್ದವಳು ಓಡಿ ಬಂದು ಒಲೆ ಆರಿಸಿಬಿಟ್ಟಳು. "ಏನಮ್ಮಾ, ಇಷ್ಟೊಂದು ಗಾಬರಿ?" ಎಂದು ಕೇಳಿದೆ. ಆಗ ಅವಳು ನಡೆದುದನ್ನೆಲ್ಲ ಹೇಳಿದಳು.

ದುಬೈಯಿಂದ ಮಂಗಳೂರಿಗೆ ಹೊರಟ ರಾತ್ರಿಯ ವಿಮಾನ. ಹದಿನೆಂಟನೆಯ ಸಾಲಿನಲ್ಲಿದ್ದ ವೃದ್ಧೆಯೊಬ್ಬರು ಅವಳ ಸೆರಗು ಹಿಡಿದೆಳೆದಂತೆ ಕೈ ಜಗ್ಗಿ, "ಮಗಾ, ಒದ್ದೆ ಕಾಲುಚೀಲದ ಹಾಗೆ ಏನೋ ನಾರುತ್ತಿದೆ" ಎಂದರಂತೆ. ಅವಳಿಗೆ ಏನೂ ಬರಲಿಲ್ಲ. ಪಕ್ಕದವರಿಗೂ ಬರಲಿಲ್ಲ. ಅಜ್ಜಿಯ ಭ್ರಮೆಯೆಂದು ಮುಂದೆ ಹೋಗಬಹುದಿತ್ತು. ಆದರೆ ತರಬೇತಿಯಲ್ಲಿ ಕಲಿಸಿದ ಮಾತೊಂದು ನೆನಪಾಯಿತು: ಒಂದೇ ಜಾಗದಲ್ಲಿ ಬಹಳ ಹೊತ್ತು ಇದ್ದ ಮೂಗು ಆ ಜಾಗದ ವಾಸನೆಯನ್ನು ಮರೆತುಬಿಡುತ್ತದೆ. ಆದುದರಿಂದ ಮುಂಭಾಗದಲ್ಲಿದ್ದ ಸಹೋದ್ಯೋಗಿಯನ್ನು ಕರೆದಳು. ಆಕೆ ಬಂದ ಕೂಡಲೇ ಮೂಗು ಮುಚ್ಚಿಕೊಂಡಳು.

ಇಂತಹ ಸಮಯದಲ್ಲಿ ಸಿಬ್ಬಂದಿ ಮಾಡುವ ಕೆಲಸ ನೋಡುವವರಿಗೆ ಏನೂ ಅನ್ನಿಸದು. ಅಡುಗೆಕೋಣೆಯ ಒಲೆಗಳನ್ನು ಆರಿಸುತ್ತಾರೆ. ಶೌಚಾಲಯಗಳ ಬಾಗಿಲನ್ನು ತೆರೆಯುವ ಮುನ್ನ ಅಂಗೈಯ ಹಿಂಭಾಗದಿಂದ ಮುಟ್ಟಿ, ಬಿಸಿಯಿದೆಯೇ ಎಂದು ನೋಡುತ್ತಾರೆ. ಆಸನದ ಸಂದಿಗೆ ಜಾರಿದ ಫೋನು, ಮೇಲಿನ ಪೆಟ್ಟಿಗೆಯಲ್ಲಿಟ್ಟ ಪವರ್ ಬ್ಯಾಂಕು, ಒಂದನ್ನೂ ಬಿಡುವಂತಿಲ್ಲ. ಜೊತೆಗೆ ಕ್ಯಾಪ್ಟನ್‌ಗೆ ಫೋನಿನಲ್ಲಿ ತಿಳಿಸಬೇಕು: ವಾಸನೆ ಎಂಥದು, ಎಲ್ಲಿ, ಎಷ್ಟು ಹೊತ್ತಿನಿಂದ, ಹೆಚ್ಚುತ್ತಿದೆಯೇ. "ಸುಮ್ಮನೆ ವಾಸನೆ ಬರುತ್ತಿದೆ ಎಂದರೆ ಸಾಲದು ಮಾವ, ಸುಟ್ಟ ವೈರಿನದೋ, ಎಣ್ಣೆಯದೋ ಎಂದು ಹೇಳಬೇಕು" ಎಂದಳು. ನಾನು ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವನು. ವಾಸನೆಗೆ ನಮ್ಮಲ್ಲಿರುವ ಶಬ್ದಗಳು ಎಷ್ಟು ಕಡಿಮೆ ಎಂಬುದು ಅಂದು ಹೊಳೆಯಿತು.

ಹೆಚ್ಚಿನ ಜೆಟ್ ವಿಮಾನಗಳಲ್ಲಿ ಪ್ರಯಾಣಿಕರು ಉಸಿರಾಡುವ ಗಾಳಿಯನ್ನು ಎಂಜಿನ್ನಿನ ಕಂಪ್ರೆಸರ್ ಭಾಗದಿಂದಲೇ ಪಡೆದು, ತಣಿಸಿ, ಒಳಗೆ ಬಿಡುತ್ತಾರೆ. ಬೋಯಿಂಗ್ 787 ಇದಕ್ಕೆ ಅಪವಾದ. ಎಂಜಿನ್ನಿನ ಸೀಲು ಸೋರಿದರೆ ಅದರ ಎಣ್ಣೆಯ ಆವಿ ಆ ಗಾಳಿಯೊಡನೆ ಬಂದು, ಅಜ್ಜಿ ಹೇಳಿದಂತೆಯೇ ಕಾಲುಚೀಲದ ವಾಸನೆಯಾಗಿ ತೋರುವುದುಂಟು. ತಲೆನೋವು, ಕಣ್ಣುರಿಯೂ ಬರಬಹುದು. ಪೈಲಟ್ಟುಗಳು ಮೊದಲು ಆಮ್ಲಜನಕದ ಮುಖವಾಡ ಧರಿಸುವುದು ಅದಕ್ಕಾಗಿಯೇ. ಅವರೇ ಮಂಕಾದರೆ ಉಳಿದವರ ಗತಿಯೇನು?

ಅಂದು ಒಲೆಯಲ್ಲೂ ಏನೂ ಸಿಗಲಿಲ್ಲ, ಶೌಚಾಲಯದಲ್ಲೂ ಸಿಗಲಿಲ್ಲ. ಅರಬ್ಬಿ ಸಮುದ್ರದ ಮೇಲಿದ್ದ ವಿಮಾನ ಮಸ್ಕತ್ತಿನ ಕಡೆಗೆ ತಿರುಗಿತು. ಇಳಿದ ಮೇಲೆ ಎಂಜಿನಿಯರುಗಳು ಬೆಳಗಿನವರೆಗೆ ಹುಡುಕಿದರು. ಅಷ್ಟರಲ್ಲಿ ವಾಸನೆಯೇ ಇರಲಿಲ್ಲ, ದೋಷವೂ ಕಂಡುಬರಲಿಲ್ಲ.

ಅವಳ ದುಃಖ ಅದಲ್ಲ. ಆ ವಿಮಾನದಲ್ಲಿ ಬ್ರಹ್ಮಾವರದ ಕಡೆಯ ಒಬ್ಬ ಮನುಷ್ಯನಿದ್ದ. ತಾಯಿಯ ಅಂತ್ಯಕ್ರಿಯೆಗೆ ಹೊರಟವನು. ಮಸ್ಕತ್ತಿನಲ್ಲಿ ಅವಳೆದುರು ನಿಂತು, "ನಿಮ್ಮ ಮೂಗಿನ ದೆಸೆಯಿಂದ ನನ್ನ ಅಮ್ಮನಿಗೆ ನಾನು ಮಣ್ಣು ಹಾಕಲಾಗಲಿಲ್ಲ" ಎಂದನಂತೆ. ಅವನು ಕೂಗಾಡಿದ್ದರೆ ಸಹಿಸಬಹುದಿತ್ತು, ಮೆಲ್ಲನೆ ಹೇಳಿದನು ಎಂದಳು. ಬಳಿಕ, "ಮಾವ, ನಾನು ಮಾಡಿದ್ದು ಸರಿಯೇ?" ಎಂದು ಕೇಳಿದಳು.

ಸರಿ ಎನ್ನುವುದು ಸುಲಭವಿತ್ತು. ನಾನು ಬೇರೊಂದು ವಿಮಾನದ ಕತೆಯನ್ನು ಕೇಳಿದೆ. ಅದು ಅವಳಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. 1998ರ ಸೆಪ್ಟೆಂಬರ್ 2ರ ರಾತ್ರಿ ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್ಏರ್ 111ರ ಕಾಕ್‌ಪಿಟ್ಟಿನಲ್ಲಿ ಪೈಲಟ್ಟುಗಳಿಗೆ ಅಪರಿಚಿತ ವಾಸನೆಯೊಂದು ಬಂತು. ಗಗನಸಖಿಯನ್ನು ಕರೆದು ಕೇಳಿದರು. ಇಲ್ಲಿ ಬರುತ್ತಿದೆ, ಹಿಂದೆ ಬರುತ್ತಿರಲಿಲ್ಲ ಎಂದಳು ಆಕೆ. ಹವಾನಿಯಂತ್ರಣದ್ದಿರಬೇಕೆಂದು ಅವರು ಭಾವಿಸಿದರು. ಆ ವಾಸನೆಯಿಂದ ಕಡಲಿಗೆ ಬೀಳುವವರೆಗೆ ಸುಮಾರು 21 ನಿಮಿಷ. ಕೆನಡಾದ ನೋವಾ ಸ್ಕೋಶಿಯಾದ ತೀರದಾಚೆ 229 ಜನರೂ ಮಡಿದರು. ನಾಲ್ಕು ವರ್ಷಕ್ಕೂ ಮಿಗಿಲಾಗಿ ತನಿಖೆ ನಡೆಸಿ 2003ರಲ್ಲಿ ವರದಿ ನೀಡಿದ ಕೆನಡಾದ ಮಂಡಳಿ, ಚಾವಣಿಯ ಮೇಲೆ ವೈರಿನಿಂದ ಹಾರಿದ ಕಿಡಿ ಅಲ್ಲಿನ ಉಷ್ಣನಿರೋಧಕ ಹೊದಿಕೆಗೆ ತಗಲಿ ಬೆಂಕಿ ಹಬ್ಬಿತೆಂದಿತು. ಪೈಲಟ್ಟುಗಳು ತುರ್ತು ಸಂದೇಶ ನೀಡಿದ ಕ್ಷಣದಲ್ಲೇ ಕೆಳಗಿಳಿಯತೊಡಗಿದ್ದರೂ ಹ್ಯಾಲಿಫ್ಯಾಕ್ಸನ್ನು ಕ್ಷೇಮವಾಗಿ ಸೇರಲಾಗುತ್ತಿರಲಿಲ್ಲ ಎಂದೂ ಲೆಕ್ಕಹಾಕಿತು. ಮೂಲ ತಿಳಿಯದ ವಾಸನೆ ಬಂದಾಗ ಕೂಡಲೇ ಇಳಿಯಲು ಸಿದ್ಧರಾಗಬೇಕೆಂಬ ಎಚ್ಚರ ಆ ಮೇಲೆ ಬಲವಾಯಿತು.

"ಗೊತ್ತು ಮಾವ. ಆದರೆ ನಮ್ಮ ವಿಮಾನದಲ್ಲಿ ಏನೂ ಇರಲಿಲ್ಲವಲ್ಲ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಪಾಯ ಇತ್ತೋ ಇಲ್ಲವೋ ಎಂಬುದು ಅವಳಿಗೆಂದೂ ತಿಳಿಯದು. ಆ ಮನುಷ್ಯ ಕಳೆದುಕೊಂಡದ್ದಂತೂ ನಿಜ. ಅವನ ಹೆಸರೂ ಅವಳಿಗೆ ಗೊತ್ತಿಲ್ಲ. ಆ ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಅಕ್ಕ ಹೆಸರರಿಯದ ಆ ತಾಯಿಯನ್ನೂ ಮಗನನ್ನೂ ನೆನೆದಳು.

ಫೆಬ್ರವರಿಯಲ್ಲಿ ಅವಳ ಫೋನು ಬಂತು. ಮತ್ತೊಂದು ಹಾರಾಟ, ಮತ್ತೊಂದು ವಾಸನೆ. ಈ ಸಲ ಒಲೆಯಲ್ಲಿ ಸಿಲುಕಿದ್ದ ಊಟದ ಪೊಟ್ಟಣದ ಪ್ಲಾಸ್ಟಿಕ್ ಮುಚ್ಚಳ. ಹತ್ತು ನಿಮಿಷದಲ್ಲಿ ಸಿಕ್ಕಿತಂತೆ.

"ಕ್ಯಾಪ್ಟನ್‌ಗೆ ಹೇಳಿದೆಯಾ?" ಎಂದೆ.

"ಮೊದಲು ಹೇಳಿದೆ ಮಾವ, ಆಮೇಲೆ ಹುಡುಕಿದೆ."