ಹಾಳೆ ಬಿಡಿಸುವ ಹೊತ್ತು

ಭಾನುವಾರ ಊಟ ಮುಗಿದು ಮೇಜು ಒರೆಸಿದ್ದೇ ತಡ, ಹಳೆಯ ಪಂಚೆಯೊಂದನ್ನು ಎರಡು ಮಡಿಕೆ ಮಾಡಿ ಹಾಸುತ್ತೇನೆ. ಕಂಬಳಿ ಬೇಡ, ಇಸ್ತ್ರಿ ಪೆಟ್ಟಿಗೆಯ ಭಾರವನ್ನೆಲ್ಲ ಅದೇ ನುಂಗಿಬಿಡುತ್ತದೆ. ಪಂಚೆಯ ಮೇಲೆ ಕಡುನೀಲಿ ಹತ್ತಿಯ ರವಿಕೆ ಬಟ್ಟೆ. ಗಂಜಿ ಹೋಗಲೆಂದು ಹಿಂದಿನ ದಿನವೇ ಒಗೆದು ಒಣಗಿಸಿದ್ದು. ಚಿನ್ನದ ಬಣ್ಣದ ಫಾಯಿಲ್ ಹಾಳೆಯನ್ನು ಹಿಡಿಸುವ ಗಮ್ಮನ್ನು ಮರದ ಅಚ್ಚಿಗೆ ಸ್ಪಂಜಿನಿಂದ ತೆಳ್ಳಗೆ ಸವರಿ, ಮಾವಿನಕಾಯಿ ಬುಟ್ಟಾಗಳನ್ನು ಸಾಲಾಗಿ ಒತ್ತುತ್ತೇನೆ.

ಒತ್ತಿದಾಗ ಹಾಲಿನಂತೆ ಬೆಳ್ಳಗಿದ್ದ ಗಮ್ಮು ಒಣಗುತ್ತ ಒಣಗುತ್ತ ಕಾಣದಾಗುತ್ತದೆ. ಪೂರ್ತಿ ಒಣಗಲೇಬೇಕು. ಹಸಿಯಿದ್ದರೆ ಹಾಳೆಯಡಿ ಹರಡಿ ಅಂಚು ಕೆಡುತ್ತದೆ. ಒಣಗಿದ ಗಮ್ಮು ಕಾವು ತಾಗಿದೊಡನೆ ಮತ್ತೆ ಮೆತ್ತಗಾಗಿ ಹಿಡಿಯುತ್ತದಲ್ಲ, ಈ ಇಡೀ ಕೆಲಸ ನಿಂತಿರುವುದು ಆ ಗುಣದ ಮೇಲೆ.

ಚಿನ್ನದ ಬಣ್ಣದ ಹಾಳೆಯಲ್ಲಿ ಚಿನ್ನವಿಲ್ಲ. ತೆಳು ಪಾಲಿಯೆಸ್ಟರ್ ಹಾಳೆಗೆ ಹಳದಿ ಮೆರುಗೆಣ್ಣೆ ಬಳಿದು, ಅದರ ಮೇಲೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿಯನ್ನು ಕೂರಿಸಿರುತ್ತಾರೆ. ಆ ಲೋಹದ ಪದರ ತಲೆಗೂದಲಿನ ನೂರರಲ್ಲೊಂದು ಪಾಲಿಗಿಂತಲೂ ತೆಳು. ಹಿಂದೆ ರಾಜಸ್ಥಾನದ ಅಚ್ಚುಗಾರರು ಬಟ್ಟೆಗೆ ಅಂಟು ಒತ್ತಿ, ಅದರ ಮೇಲೆ ನಿಜವಾದ ಚಿನ್ನ ಬೆಳ್ಳಿಯ ವರ್ಖ ಕೂರಿಸುತ್ತಿದ್ದರು. ನಮ್ಮ ಮೈಸೂರು ಚಿತ್ರಗಳಲ್ಲಿ ಉಬ್ಬುಕೆಲಸದ ಮೇಲೆ ಚಿನ್ನದ ರೇಕು. ಅಂಟು ಇದ್ದಲ್ಲೇ ಮಿಂಚು ಎಂಬ ನಿಯಮ ಅವರದೂ ನನ್ನದೂ ಒಂದೇ. ಆದ್ದರಿಂದ ಫಾಯಿಲನ್ನು ಅಗ್ಗದ ಥಳುಕು ಎಂದರೆ ನಾನು ಒಪ್ಪುವುದಿಲ್ಲ. ಮೈತುಂಬ ಮೆತ್ತಿದರೆ ಯಾವ ಮಿಂಚೂ ಅಗ್ಗವೇ. ನೀಲಿಯ ನಡುವೆ ಅಲ್ಲೊಂದು ಇಲ್ಲೊಂದು ಬುಟ್ಟಾ ಇರಲಿ, ನಡೆಯುವಾಗ ಒಮ್ಮೆ ಹೊಳೆದು ಒಮ್ಮೆ ಆರಬೇಕು.

ಹೊಳೆಯುವ ಮಗ್ಗುಲು ಮೇಲಕ್ಕೆ ಬರುವಂತೆ ಹಾಳೆ ಹಾಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು, ಹತ್ತಿಬಟ್ಟೆಯ ಕಾವಿನಲ್ಲಿ ಒತ್ತಿ ಹಿಡಿಯುತ್ತೇನೆ. ಉಜ್ಜುವಂತಿಲ್ಲ. ಹಬೆಯ ಪೆಟ್ಟಿಗೆಯಾದರೆ ಅದರ ತೂತುಗಳ ಕೆಳಗೆ ಒತ್ತಡ ಬೀಳದೆ ಚುಕ್ಕೆ ಚುಕ್ಕೆ ಖಾಲಿ ಉಳಿಯುತ್ತದೆ. ನನ್ನದು ಹಳೆಯ, ನುಣ್ಣನೆ ತಳದ ಪೆಟ್ಟಿಗೆ. ಹದಿನೈದು ಎಣಿಸಿ ಎತ್ತುತ್ತೇನೆ.

"ಚಿಕ್ಕಮ್ಮಾ, ಈಗ ತೆಗೀಲಾ?" ಅಕ್ಕನ ಮಗಳ ಬೆರಳು ಆಗಲೇ ಹಾಳೆಯ ಮೂಲೆಯಲ್ಲಿರುತ್ತದೆ.

"ತಡಿಯೇ, ಇನ್ನೂ ಬಿಸಿ ಇದೆ."

ಮೊದಮೊದಲು ನಾನೂ ತಡೆದವಳಲ್ಲ. ಅಕ್ಕನಿಗೆಂದು ಮಾಡುತ್ತಿದ್ದ ಸೆರಗಿನ ಹಾಳೆಯನ್ನು ಬಿಸಿಯಲ್ಲೇ ಎಳೆದು, ಅರ್ಧ ಬಳ್ಳಿ ಹಾಳೆಯಲ್ಲೇ ಉಳಿದುಹೋಗಿ, ಆ ರಾತ್ರಿ ಅತ್ತಿದ್ದೆ. ಈಗ ಅಂಗೈ ಇಟ್ಟು ನೋಡುತ್ತೇನೆ. ಬಟ್ಟೆ ತಣ್ಣಗಾದ ಮೇಲೆ ಮೂಲೆ ಹಿಡಿದು, ಹಾಳೆಯನ್ನು ಹಿಂದಕ್ಕೆ ಬಾಗಿಸಿ ಮೆಲ್ಲಗೆ ಎಳೆಯುತ್ತೇನೆ. ಚರಚರ ಸದ್ದು. ಒಂದೊಂದೇ ಮಾವಿನಕಾಯಿ ನೀಲಿಯ ಮೇಲೆ ಉಳಿಯುತ್ತ ಬರುತ್ತದೆ. ಒರಟು ಖಾದಿಯಾದರೆ ಉಬ್ಬಿದ ಎಳೆಗಳಷ್ಟೇ ಚಿನ್ನ ಹಿಡಿದು, ಸಂದುಗಳಲ್ಲಿ ನೀಲಿ ಇಣುಕುತ್ತದೆ. ಅಜ್ಜಿಯ ಪೆಟ್ಟಿಗೆಯ ಸವೆದ ಜರಿಯಂತೆ ಕಾಣುವ ಅದೇ ನನಗೆ ಹೆಚ್ಚು ಇಷ್ಟ.

ಕಿತ್ತ ಹಾಳೆಯನ್ನೂ ಎಸೆಯುವುದಿಲ್ಲ. ಬುಟ್ಟಾ ಹೋದಲ್ಲಿ ಪಾರದರ್ಶಕ ಮಾವಿನಕಾಯಿಗಳು. ಕಿಟಕಿಗೆ ಹಿಡಿದರೆ ಹಿತ್ತಲಿನ ನುಗ್ಗೆಮರ ಅವುಗಳೊಳಗೆ ಕಾಣುತ್ತದೆ. ಉಳಿದ ಚಿನ್ನ ಮುಂದಿನ ಬಟ್ಟೆಗೆ ಆಗುತ್ತದೆ.

ಇಂಥ ರವಿಕೆ ನಿಮ್ಮಲ್ಲಿದ್ದರೆ ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ. ಇಸ್ತ್ರಿಯನ್ನು ಮಾತ್ರ ಚಿನ್ನದ ಮೇಲೆ ನೇರ ತಾಗಿಸಬೇಡಿ.