ಕೆಂಚಿಯ ದಿನಗಣನೆ

ಆಕಳು ಹೋರಿಯನ್ನು ಕೂಡಿದ ದಿನವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಮಾಡಿಡುವ ರೂಢಿ ನಮ್ಮ ಒಕ್ಕಲು ಮನೆಗಳಲ್ಲಿ ಇಂದಿಗೂ ಉಂಟು. ಆಕಳಿಗೆ ಒಂಬತ್ತು ತಿಂಗಳ ಮೇಲೆ ಕೆಲವು ದಿನ, ಎಮ್ಮೆಗೆ ಹತ್ತು ತಿಂಗಳು, ಆಡಿಗೆ ಐದು ತಿಂಗಳು ಎಂಬ ಲೆಕ್ಕವನ್ನು ಓದುಬರಹ ಅರಿಯದ ಅಜ್ಜಿಯೂ ತಡವರಿಸದೆ ಹೇಳುತ್ತಾಳೆ. ಅದೇ ಮನೆಯ ಬಾಗಿಲಲ್ಲಿ ಬಿದ್ದುಕೊಂಡು ರಾತ್ರಿಯೆಲ್ಲ ಕಾಯುವ ನಾಯಿಗೆ ಎಷ್ಟು ದಿನವೆಂದು ಕೇಳಿದರೆ ಮಾತ್ರ ಉತ್ತರ ದೊರೆಯುವುದು ಅಪರೂಪ. ಹೊಟ್ಟೆ ಬಂದಾಗ ತಿಳಿಯುತ್ತದೆ, ಈದಾಗ ಮರಿಗಳನ್ನು ಎಣಿಸಿದರಾಯಿತು ಎಂಬ ಉದಾಸೀನ. ಆಕಳು ಹಾಲು ಕೊಡುತ್ತದೆ, ಕರು ಕೊಡುತ್ತದೆ, ನಾಯಿ ಕೊಡುವುದೇನು ಎಂಬ ವ್ಯವಹಾರದ ಯೋಚನೆಯೂ ಇದರ ಹಿಂದೆ ಇದ್ದೀತು.

ನಮ್ಮ ಊರು ಮುಧೋಳಕ್ಕೆ ದೂರವಲ್ಲ. ಆ ಸೀಮೆಯ ತೆಳುಮೈಯ, ಉದ್ದ ಕಾಲಿನ ಬೇಟೆನಾಯಿಗೆ 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಸ್ಥಾನ ದೊರೆತದ್ದನ್ನು ವಾಚಕರಲ್ಲಿ ಹಲವರು ಬಲ್ಲರು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಒಂದು ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಾರೆ. ಈ ನಾಯಿಗಳನ್ನು ಸಾಕಿ ಮರಿಗಳನ್ನು ಮಾರುವ ಮನೆಗಳಲ್ಲಿ ದಿನದ ಲೆಕ್ಕ ಪಕ್ಕಾ ಇರುತ್ತದೆ. ಮರಿಗೆ ಬೆಲೆ ಇದ್ದಲ್ಲಿ ತಾಯಿಗೆ ಲೆಕ್ಕ. ನಮ್ಮ ಮನೆಯ ಕೆಂಚಿಗೆ ಅಂತಹ ವಂಶಾವಳಿಯಿಲ್ಲ. ಅದರ ತಾಯಿ ಮುಧೋಳದ ತಳಿಯದು. ತಂದೆ ಯಾರೆಂಬುದು ಊರಿಗೇ ಗೊತ್ತಿಲ್ಲ. ಆರು ವರ್ಷದ, ಕೆಂದು ಬಣ್ಣದ, ಅಪರಿಚಿತರನ್ನು ಅಂಗಳ ದಾಟಗೊಡದ ಪ್ರಾಣಿ.

ಹೆಣ್ಣುನಾಯಿ ಸಾಧಾರಣವಾಗಿ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಬೆದೆಗೆ ಬರುತ್ತದೆ. ಮೊದಲ ಎಂಟು ಹತ್ತು ದಿನ ರಕ್ತದ ಹನಿಗಳು ನೆಲದ ಮೇಲೆ ಕಾಣುತ್ತವೆ. ಆಗ ಅದು ಗಂಡುನಾಯಿಯನ್ನು ಹತ್ತಿರ ಸೇರಿಸದು. ಸ್ರಾವದ ಬಣ್ಣ ತಿಳಿಯಾಗತೊಡಗಿದ ಮೇಲೆ ಇನ್ನೊಂದು ವಾರ, ಒಂಬತ್ತು ದಿನ ಅದು ಕೂಡುವ ಕಾಲ. ರಕ್ತ ನಿಂತಿತು, ಇನ್ನು ಚಿಂತೆಯಿಲ್ಲವೆಂದು ಸರಪಳಿ ಬಿಚ್ಚುವವರು ಸರಿಯಾಗಿ ಅದೇ ಹೊತ್ತಿಗೆ ಬಿಚ್ಚುತ್ತಾರೆ. ಕಳೆದ ಕಾರ್ತಿಕದಲ್ಲಿ ನಮ್ಮ ಕೆಂಚಿ ಸರಪಳಿಗಾಗಿ ಕಾಯಲಿಲ್ಲ. ಹದಿಮೂರನೆಯ ದಿನ ನಸುಕಿನಲ್ಲಿ ಹಿತ್ತಲ ಗೋಡೆ ಹಾರಿ ಹೋಗಿ ಮಧ್ಯಾಹ್ನಕ್ಕೆ ಮರಳಿತು. ನನ್ನ ಪತ್ನಿ ಆ ದಿನದ ಅಂಕಿಯ ಸುತ್ತ ಪೆನ್ಸಿಲಿನಿಂದ ಒಂದು ಸೊನ್ನೆ ಹಾಕಿದರು. ಮೂವತ್ತು ವರ್ಷ ಹಾಲಿನ ಲೆಕ್ಕ ಬರೆದ ಕೈ ಅದು.

ನಾಯಿಯ ಗರ್ಭಕಾಲ ಸುಮಾರು 63 ದಿನ. ಕೂಡಿದ ದಿನದಿಂದ ಎಣಿಸಿದರೆ ಐದಾರು ದಿನ ಹಿಂದೆ ಮುಂದೆ ಆಗುವುದುಂಟು. ಆಕಳಿನ ವಿಷಯದಲ್ಲಿ ಒಂದು ತಿಂಗಳು ಸಂಶಯದಲ್ಲಿ ಕಳೆದರೂ ಮುಂದೆ ಎಂಟು ತಿಂಗಳು ಉಳಿದಿರುತ್ತವೆ. ನಾಯಿಗೆ ಒಂದು ತಿಂಗಳೆಂದರೆ ಅರ್ಧ ಆಯಿತು. ಈ ಅಲ್ಪಾವಧಿಯಲ್ಲಿ ಲಕ್ಷಣಗಳು ಒಂದರ ಹಿಂದೆ ಒಂದು ಬರುತ್ತವೆ. ಮೂರು ನಾಲ್ಕನೆಯ ವಾರದಲ್ಲಿ ಕೆಲವು ನಾಯಿಗಳು ಒಂದೆರಡು ದಿನ ಅನ್ನ ಮುಟ್ಟುವುದಿಲ್ಲ. ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತವೆ. ಐದನೆಯ ವಾರದ ನಂತರ ಹೊಟ್ಟೆ ತುಂಬಿಕೊಳ್ಳುತ್ತದೆ. ಕೊನೆಯ ದಿನಗಳಲ್ಲಿ ಹಾಲು ಇಳಿಯುತ್ತದೆ.

ಇವೆಲ್ಲ ನಿಜ. ಆದರೆ ಇವುಗಳಲ್ಲಿ ಒಂದೂ ಗಬ್ಬಕ್ಕೆ ಸಾಕ್ಷಿಯಲ್ಲ ಎಂಬುದು ನನಗೆ ಬಹಳ ವಿಚಿತ್ರವೆನಿಸಿದ ಸಂಗತಿ. ಬೆದೆ ಮುಗಿದ ಮೇಲೆ ಗರ್ಭವನ್ನು ಕಾಪಾಡುವ ಪ್ರೊಜೆಸ್ಟಿರೋನ್ ಎಂಬ ರಸವು ನಾಯಿಯ ದೇಹದಲ್ಲಿ, ಅದು ಗಬ್ಬವಿರಲಿ ಬಿಡಲಿ, ಎರಡು ತಿಂಗಳ ಕಾಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉತ್ಪತ್ತಿಯಾಗುತ್ತದೆ. ಆದ್ದರಿಂದ ಗಂಡಿನ ನೆರಳನ್ನೂ ಕಾಣದ ನಾಯಿಗೆ ಮೊಲೆ ತುಂಬಿ, ಹೊಟ್ಟೆ ಬಂದು, ಹಾಲೂ ಇಳಿದು, ಅದು ಮೂಲೆಯಲ್ಲಿ ಗೋಣಿಚೀಲ ಕೆದರಿ ಹಾಸಿಗೆ ಮಾಡಿಕೊಳ್ಳುವುದುಂಟು. ಹೆಂಗಸರ ಪರೀಕ್ಷೆಗೆ ಔಷಧದ ಅಂಗಡಿಯಲ್ಲಿ ಸಿಗುವ ಪಟ್ಟಿಯಿಂದ ನಾಯಿಯ ಮೂತ್ರವನ್ನು ನೋಡಿ ಫಲವಿಲ್ಲ; ಆ ಪಟ್ಟಿ ಹುಡುಕುವ ವಸ್ತು ನಾಯಿಯ ದೇಹದಲ್ಲಿ ಹುಟ್ಟುವುದೇ ಇಲ್ಲ. ನಾಯಿಗೆಂದೇ ಬೇರೆ ರಕ್ತಪರೀಕ್ಷೆ ಇದೆ. ಒಂದು ತಿಂಗಳಾದ ಮೇಲೆ ಅದು ನೆಚ್ಚಬಹುದಾದದ್ದು, ಆದರೆ ನಮ್ಮ ಹಳ್ಳಿಗಾಡಿನಲ್ಲಿ ಸಿಗುವುದು ಕಷ್ಟ. ಅನುಭವಿ ವೈದ್ಯರ ಬೆರಳುಗಳಿಗೆ ನಾಲ್ಕು ವಾರಗಳ ಸುಮಾರಿಗೆ ಗರ್ಭಕೋಶದಲ್ಲಿ ನೆಲ್ಲಿಕಾಯಿಯಂತಹ ಗಂಟುಗಳು ಮಣಿ ಪೋಣಿಸಿದಂತೆ ಸಿಕ್ಕುತ್ತವೆ. ಮುಂದೆ ವಾರ ಹತ್ತು ದಿನ ಕಳೆಯಿತೆಂದರೆ ಗಂಟುಗಳು ಒಂದರೊಳಗೊಂದು ಕೂಡಿಕೊಂಡು ಕೈಗೆ ಸಿಗದಾಗುತ್ತವೆ. ಮನೆಯವರು ತಾವೇ ಹಿಸುಕಿ ನೋಡುವುದು ಅಪಾಯಕರ.

ಕೆಂಚಿಯಲ್ಲಿ ಲಕ್ಷಣಗಳೆಲ್ಲ ಕ್ರಮವಾಗಿಯೇ ಬಂದವು. ನಾಲ್ಕನೆಯ ವಾರದಲ್ಲಿ ಎರಡು ದಿನ ರೊಟ್ಟಿ ಬಿಟ್ಟಿತು; ತೊಟ್ಟುಗಳು ಕೆಂಪಾದವು. ಮೊಮ್ಮಗನು ಹುಟ್ಟದ ಮರಿಗಳನ್ನು ತನ್ನ ಶಾಲೆಯ ಗೆಳೆಯರಿಗೆ ಹಂಚಿಯೂ ಬಿಟ್ಟನು. ಆದರೆ ಮೂವತ್ತೈದನೆಯ ದಿನದಿಂದ ಅದು ನೀರು ಕುಡಿಯುವ ರೀತಿ ನನಗೆ ಸರಿಯೆನಿಸಲಿಲ್ಲ. ದಿನಕ್ಕೊಮ್ಮೆ ತುಂಬಿಸುತ್ತಿದ್ದ ಕಲ್ಲಿನ ದೋಣಿಯನ್ನು ಮೂರು ಸಲ ತುಂಬಿಸಬೇಕಾಯಿತು. ಎಂದೂ ಪಡಸಾಲೆಯನ್ನು ಹೊಲಸು ಮಾಡದ ಪ್ರಾಣಿ ರಾತ್ರಿ ಅಲ್ಲಿಯೇ ಮೂತ್ರ ಮಾಡಿತು. ಹೊಟ್ಟೆ ಬರುತ್ತಲಿತ್ತು, ಬೆನ್ನಿನ ಎಲುಬೂ ಕಾಣತೊಡಗಿತ್ತು. ಪಕ್ಕದ ಮನೆಯ ಹಿರಿಯ ತಾಯಿ ನನ್ನ ಚಿಂತೆಯನ್ನು ಕಂಡು ನಕ್ಕರು: "ಮಾಸ್ತರ, ಬಸುರಿಗೆ ನೀರಡಿಕಿ ಆಗೂದು ಹೊಸಾದೇನ್ರಿ? ನಾಲ್ಕು ದಿನ ತಡೀರಿ, ಎಲ್ಲಾ ಸರಿ ಆಗತೈತಿ."

ಮೂವತ್ತೆಂಟನೆಯ ದಿನ ಬೆಳಗಿನ ಹಾಲನ್ನೂ ಅದು ವಾಂತಿ ಮಾಡಿತು. ತಾಲೂಕಿನ ಪಶು ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ಒಸಡು ನೋಡಿದರು, ಬಾಲದ ಕೆಳಗೆ ಜ್ವರಮಾಪಕವಿಟ್ಟು ನೋಡಿದರು, ಹೊಟ್ಟೆಯ ಮೇಲೆ ಹಗುರವಾಗಿ ಕೈಯಾಡಿಸಿದರು. ಬೆದೆಯ ದಿನ, ಕೂಡಿದ ದಿನ ಎರಡನ್ನೂ ನನ್ನ ಪತ್ನಿ ಹೇಳಿದಾಗ, "ಅಮ್ಮಾರ, ತಾರೀಖು ಬರೆದಿಟ್ಟೀರಿ, ನನ್ನ ಅರ್ಧ ಕೆಲಸ ಆತು" ಎಂದರು. ಈ ಹಂತದಲ್ಲಿ ಕೈಯಿಂದ ತಿಳಿಯದು. ಮರಿಗಳ ಎಲುಬು ಎಕ್ಸ್‌ರೇಯಲ್ಲಿ ಕಾಣಲು 45 ದಿನವಾದರೂ ಆಗಬೇಕು. ಆದಕಾರಣ ಸ್ಕ್ಯಾನಿಂಗ್ ಯಂತ್ರವಿರುವಲ್ಲಿಗೆ ಹೋಗಿರಿ, ನಾಳೆ ಬೇಡ, ಈಗಲೇ ಹೋಗಿರಿ ಎಂದು ಚೀಟಿ ಬರೆದುಕೊಟ್ಟರು.

ಜಿಲ್ಲಾ ಸ್ಥಳದ ಚಿಕಿತ್ಸಾಲಯದಲ್ಲಿ ಯಂತ್ರದ ಪರದೆಯನ್ನು ನಮಗೂ ತೋರಿಸಿದರು. ನಾಲ್ಕು ವಾರಗಳ ನಂತರ ಗರ್ಭವಿದ್ದರೆ ಮರಿಗಳ ಹೃದಯದ ಮಿಡಿತವು ಸಣ್ಣ ದೀಪ ಮಿನುಗಿದಂತೆ ಕಾಣಬೇಕಂತೆ. ಇಲ್ಲಿ ಮಿನುಗುವುದೊಂದೂ ಇರಲಿಲ್ಲ. ಸುರುಳಿ ಸುರುಳಿಯಾಗಿ ಕಪ್ಪನೆಯ ಕೊಳವೆಗಳಿದ್ದವು. ಕೆಂಚಿ ಗಬ್ಬವಾಗಿರಲಿಲ್ಲ. ಅದರ ಗರ್ಭಕೋಶದಲ್ಲಿ ಕೀವು ತುಂಬಿತ್ತು.

ಈ ರೋಗಕ್ಕೆ ವೈದ್ಯರು ಪಯೋಮೆಟ್ರಾ ಎನ್ನುತ್ತಾರೆ. ಬೆದೆ ಕಳೆದ ಎರಡರಿಂದ ಎಂಟು ವಾರಗಳೊಳಗೆ, ವಿಶೇಷವಾಗಿ ನಡುವಯಸ್ಸು ದಾಟಿದ ನಾಯಿಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಗರ್ಭವನ್ನು ಪೋಷಿಸಬೇಕಾದ ಆ ಪ್ರೊಜೆಸ್ಟಿರೋನಿನ ಪ್ರಭಾವದಲ್ಲಿಯೇ ಗರ್ಭಕೋಶದ ಒಳಪದರು ದಪ್ಪವಾಗಿ, ಸೂಕ್ಷ್ಮಜೀವಿಗಳಿಗೆ ನೆಲೆಯಾಗುತ್ತದೆ. ಬೀದಿಯ ಗಂಡುನಾಯಿಯಿಂದ ಅಂಟಿದ್ದೆಂದು ನಮ್ಮವರು ಹೇಳುವುದುಂಟು. ಎಂದೂ ಕೂಡದ ನಾಯಿಗೂ ಇದು ಬರುತ್ತದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಬಂದು ಮನೆಯವರ ಕಣ್ಣಿಗೆ ಬೀಳುತ್ತದೆ. ಮುಚ್ಚಿದ್ದರೆ ಏನೂ ಹೊರಬರದೆ ಹೊಟ್ಟೆಯಷ್ಟೇ ಬೆಳೆಯುತ್ತದೆ. ನೋಡಿದವರು ಗಬ್ಬವೆಂದು ಸಂತೋಷಪಡುತ್ತಾರೆ. ನೀರಡಿಕೆಗೂ ಕಾರಣವನ್ನು ವೈದ್ಯರು ತಿಳಿಸಿದರು: ಸೂಕ್ಷ್ಮಜೀವಿಗಳ ವಿಷವು ಮೂತ್ರಪಿಂಡದ ಮೇಲೆ ಪರಿಣಾಮ ಮಾಡಿ, ಅದು ನೀರನ್ನು ಹಿಡಿದಿಟ್ಟುಕೊಳ್ಳಲಾರದಂತೆ ಆಗಿರುತ್ತದೆ. ನಾಲ್ಕು ದಿನ ತಡೆದಿದ್ದರೆ ಗರ್ಭಕೋಶ ಒಡೆಯಬಹುದಿತ್ತು.

ನಿರ್ಧಾರಕ್ಕೆ ಒಂದು ಗಂಟೆಯ ಕಾಲವಿತ್ತು. ಔಷಧದಿಂದ ಗುಣಪಡಿಸುವ ಮಾರ್ಗವೂ ಉಂಟು. ಎಳೆಯ ವಯಸ್ಸಿನ, ಮುಂದೆ ಮರಿ ಬೇಕಾದ, ಗರ್ಭಕೋಶದ ಬಾಯಿ ತೆರೆದಿರುವ ನಾಯಿಗೆ ಅದನ್ನು ಪ್ರಯತ್ನಿಸುತ್ತಾರೆ, ಆದರೂ ಮುಂದಿನ ಬೆದೆಯ ನಂತರ ರೋಗ ಮರುಕಳಿಸುವ ಭಯವಿದ್ದೇ ಇರುತ್ತದೆ. ಕೆಂಚಿಗೆ ಶಸ್ತ್ರಚಿಕಿತ್ಸೆಯೊಂದೇ ದಾರಿ, ಗರ್ಭಕೋಶ ಅಂಡಾಶಯ ಎರಡನ್ನೂ ತೆಗೆಯಬೇಕು ಎಂದರು. ಖರ್ಚು ನನ್ನ ನಿವೃತ್ತಿ ವೇತನದ ಅರ್ಧಕ್ಕೆ ಸಮೀಪವಾಗಿತ್ತು. ಮಗನಿಗೆ ಫೋನು ಮಾಡಿದೆ. ಅವನು ಕೆಟ್ಟವನಲ್ಲ, ಆ ವರ್ಷ ಮಳೆ ಕೈಕೊಟ್ಟು ಕಡಲೆ ಒಣಗಿತ್ತು. "ಅಪ್ಪಾ, ಒಂದು ನಾಯಿಗೆ ಇಷ್ಟು ರೊಕ್ಕ ಹಾಕಿದ್ರ ಮಂದಿ ಏನಂದಾರು?" ಎಂದನು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡ ನನ್ನ ಪತ್ನಿ, "ಮಂದಿ ಬಂದು ನಮ್ಮ ಮನಿ ಕಾದಿಲ್ಲಪ್ಪಾ, ಕಾದಾಕಿ ಇಲ್ಲಿ ಮಲಗ್ಯಾಳ" ಎಂದಷ್ಟೇ ಹೇಳಿ, ವೈದ್ಯರ ಕಡೆಗೆ ತಿರುಗಿ ಎಲ್ಲಿ ಸಹಿ ಮಾಡಬೇಕೆಂದು ಕೇಳಿದರು. ದುಡ್ಡಿಲ್ಲದೆ ಬೇರೆ ನಿರ್ಧಾರ ಮಾಡುವವರನ್ನು ನಾನು ಹಳಿಯಲಾರೆ. ಆದರೆ ನಾಯಿಯಾದ ಮಾತ್ರಕ್ಕೆ ಆ ಪ್ರಶ್ನೆ ಏಳಲೇಬಾರದು ಎನ್ನುವವರೊಡನೆ ನನಗೆ ಒಪ್ಪಿಗೆಯಿಲ್ಲ.

ಸಂಜೆಯ ಹೊತ್ತಿಗೆ ಶಸ್ತ್ರಚಿಕಿತ್ಸೆ ಮುಗಿಯಿತು. ಮೂರನೆಯ ದಿನ ಕೆಂಚಿ ಗಂಜಿ ಕುಡಿಯಿತು.

ಹೊಲಿಗೆ ಬಿಚ್ಚಿಸಲು ಹತ್ತನೆಯ ದಿನ ಹೋದಾಗ ಆಸ್ಪತ್ರೆಯ ಜಗುಲಿಯ ಮೇಲೆ ಬೇರೊಂದು ಊರಿನವರು ನೋವು ತಿನ್ನುತ್ತಿದ್ದ ನಾಯಿಯನ್ನು ಗೋಣಿಯ ಮೇಲೆ ಮಲಗಿಸಿಕೊಂಡು ಕುಳಿತಿದ್ದರು. ಹಿಂದಿನ ರಾತ್ರಿಯಿಂದ ಮುಕ್ಕುತ್ತಿತ್ತಂತೆ. ಯಾರೋ ಎಮ್ಮೆಗೆ ಹಾಲು ಇಳಿಸಲು ಚುಚ್ಚುವ ಸೂಜಿಮದ್ದನ್ನು ಅದಕ್ಕೂ ಕೊಡಿಸಿದ್ದರು. ಮರಿ ಅಡ್ಡಬಿದ್ದಾಗ ಆ ಮದ್ದು ಗರ್ಭಕೋಶವನ್ನೇ ಹರಿಯುವಂತೆ ಮಾಡಬಲ್ಲುದೆಂದು ವೈದ್ಯರು ಕೋಪದಿಂದ ಹೇಳಿದರು. ಹೊಟ್ಟೆ ಕೊಯ್ದು ಮೂರು ಮರಿಗಳನ್ನು ಜೀವಸಹಿತ ತೆಗೆದರು; ಒಂದು ಸತ್ತಿತ್ತು. ಕೈ ತೊಳೆದುಕೊಂಡು ಬಂದ ಮೇಲೆ ಅವರು ನಮಗೂ ಆ ಊರಿನವರಿಗೂ ಕೂಡಿಯೇ ಹೇಳಿದ ಮಾತುಗಳನ್ನು ನೆನಪಿದ್ದಷ್ಟು ಬರೆಯುತ್ತೇನೆ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102 ಡಿಗ್ರಿಯಷ್ಟಿರುತ್ತದೆ; ಅದು 99ಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಈಯುವ ಸಂಭವ ಹೆಚ್ಚು. ಅರ್ಧ ಗಂಟೆ ಬಲವಾಗಿ ಮುಕ್ಕಿಯೂ ಮರಿ ಬಾರದಿದ್ದರೆ ಕಾಯಬಾರದು. ಒಳಗೆ ಮರಿಯಿದೆಯೆಂದು ತಿಳಿದೂ ಎರಡು ಗಂಟೆ ಸುಮ್ಮನಿದ್ದರೆ ವೈದ್ಯರನ್ನು ಕೇಳಬೇಕು. ಮೊದಲ ಮರಿಗಿಂತ ಮುಂಚೆ ಕಡುಹಸಿರು ಸ್ರಾವ ಕಂಡರೆ ಮಾಸು ಬಿಟ್ಟುಕೊಂಡಿತೆಂದು ಅರ್ಥ. ಆಗ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಗಬ್ಬದ ನಾಯಿಗೆ ಶಕ್ತಿ ಬರಲೆಂದು ಸುಣ್ಣದ ಅಂಶದ ಔಷಧವನ್ನು ತಾವಾಗಿ ಕುಡಿಸುವುದೂ ಕೆಟ್ಟದ್ದು, ಏಕೆಂದರೆ ದೇಹ ತನ್ನ ಎಲುಬಿನಿಂದ ಸುಣ್ಣ ತೆಗೆದುಕೊಳ್ಳುವುದನ್ನು ಮರೆತು, ಮರಿಗಳು ಹಾಲು ಕುಡಿಯುವ ದಿನಗಳಲ್ಲಿ ತಾಯಿ ನಡುಗಿ ಸೆಟೆದುಕೊಂಡು ಬೀಳುತ್ತದೆ. ಎಮ್ಮೆಯ ಹಾಲುಜ್ವರವನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಮರಿ ಬೇಡದವರು ಕೂಡಿದ ಮರುದಿನ ಬಂದು ಗರ್ಭ ತೊಳೆಯುವ ಸೂಜಿ ಕೇಳುತ್ತಾರಂತೆ; ಹಳೆಯ ಆ ಸೂಜಿಯಿಂದ ಕೀವಿನ ರೋಗವನ್ನೇ ಕರೆದಂತಾಗುತ್ತದೆ. ಅದಕ್ಕಿಂತ ಎರಡು ಬೆದೆಗಳ ನಡುವೆ ಸಂತಾನಹರಣ ಮಾಡಿಸುವುದು ಮೇಲು ಎಂದರು. ಅದನ್ನು ಪಾಪವೆಂದು ಭಾವಿಸುವ ನಮ್ಮ ಹಿರಿಯರಲ್ಲಿ ಕೆಲವರು, ಕಣ್ಣು ತೆರೆಯದ ಮರಿಗಳನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬಂದುದನ್ನು ನಾನು ಬಲ್ಲೆ.

ಅಂದು ಹೊಲಿಗೆ ಬಿಚ್ಚುವಾಗ ವೈದ್ಯರ ಬೆರಳಿಗೆ ಹಾಲು ಹತ್ತಿತು. ಗರ್ಭಕೋಶವೇ ಇಲ್ಲದ ನಾಯಿಗೆ ಹಾಲು! ನನ್ನ ಪತ್ನಿ ಗಾಬರಿಯಾದರು. ಅಂಡಾಶಯವನ್ನು ತೆಗೆದೊಡನೆ ಪ್ರೊಜೆಸ್ಟಿರೋನ್ ಒಮ್ಮೆಗೇ ಇಳಿಯುತ್ತದೆ. ಈಯುವ ಹೊತ್ತಿಗೆ ನಿಜವಾದ ತಾಯಿಯಲ್ಲಿ ಇಳಿಯುವುದೂ ಹೀಗೆಯೇ. ದೇಹವು ಮರಿ ಹುಟ್ಟಿತೆಂದೇ ತಿಳಿದುಕೊಂಡಿದೆ ಎಂದು ಅವರು ಸಮಾಧಾನ ಹೇಳಿದರು. ಹಿಂಡಬೇಡಿರಿ, ಹಿಂಡಿದಷ್ಟೂ ಹೆಚ್ಚುತ್ತದೆ, ಎರಡು ಮೂರು ವಾರದಲ್ಲಿ ತಾನಾಗಿ ಬತ್ತುತ್ತದೆ ಎಂದರು.

ಮನೆಗೆ ಬಂದ ಮೇಲೆ ಕೆಂಚಿ ಮೊಮ್ಮಗನ ರಬ್ಬರಿನ ಆನೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ, ಹೊಟ್ಟಿನ ಕೋಣೆಯ ಮೂಲೆಯಲ್ಲಿ ಹೊಟ್ಟೆಗೆ ಒತ್ತಿ ಮಲಗಿಸಿಕೊಂಡಿತು. ಹತ್ತಿರ ಹೋದವರ ಮೇಲೆ ಗುರುಗುಟ್ಟಿತು. ನನ್ನ ಪತ್ನಿಯನ್ನು ಮಾತ್ರ ಬಿಟ್ಟಿತು. ಮೊಮ್ಮಗನು ತನ್ನ ಆಟಿಕೆಯನ್ನು ಕೇಳಲಿಲ್ಲ. ಮರಿ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಗೆಳೆಯರಿಗೆ ಏನು ಹೇಳಿದನೋ ತಿಳಿಯದು. ಅವರಲ್ಲಿ ಇಬ್ಬರು ಬಂದು ಬಾಗಿಲಲ್ಲಿ ನಿಂತು ಸದ್ದಿಲ್ಲದೆ ನೋಡಿಕೊಂಡು ಹೋದರು. ಹದಿನೆಂಟನೆಯ ದಿನವೋ ಹತ್ತೊಂಬತ್ತನೆಯ ದಿನವೋ ಬೆಳಿಗ್ಗೆ ನೋಡಿದಾಗ ಆನೆ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿತ್ತು. ಕೆಂಚಿ ಅಂಗಳದ ತುದಿಯಲ್ಲಿ ನಿಂತು, ಹಾಲು ಕೊಡಲು ಬಂದವನನ್ನು ಎಂದಿನಂತೆ ಒಳಗೆ ಬಿಡದೆ ಬೊಗಳುತ್ತಿತ್ತು.